ಬೆಳೆದ ದ್ವೀಪಕ್ಕಾಗಿ ಆಡಿದಾತ

ನಮ್ಮ ವಾಚನಾಲಯಕ್ಕೆ ಬರುವ ತರುಣ ಮಿತ್ರರಲ್ಲಿ ಪತ್ರಿಕೆಯ ಆಟದ ಪುಟವನ್ನೇ ಮೊದಲು ತೆರೆಯುವವರು ಬಹಳ ಮಂದಿ. ಇಂಥ ಆಟಗಾರನನ್ನು ಇಂಥ ತಂಡದವರು ಇಷ್ಟು ಕೋಟಿ ಕೊಟ್ಟು ಕೊಂಡರೆಂದು ಓದಿ ಬೆರಗಾಗುತ್ತೇವೆ. ಆದರೆ ಆಟಗಾರನನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ ಎಂಬಂಥ ದೊಡ್ಡ ಆಟವೊಂದು ಐರ್ಲೆಂಡ್ ದೇಶದಲ್ಲಿದೆ. ಅದು ಗೇಲಿಕ್ ಫುಟ್‌ಬಾಲ್. ಅಲ್ಲಿ ಪ್ರಯಾಣದ ಖರ್ಚು ಮುಂತಾದುದು ಸಿಕ್ಕೀತು, ಆಡಿದ್ದಕ್ಕೆ ಸಂಬಳವಿಲ್ಲ. ಆ ಆಟದ ಕ್ರಮವನ್ನೂ, ಅದರಲ್ಲಿ ಹೆಸರಾದ ಮಿಕ್ ಓಕಾನೆಲ್ ಎಂಬಾತನ ವೃತ್ತಾಂತವನ್ನೂ ಇಲ್ಲಿ ಸಂಗ್ರಹವಾಗಿ ತಿಳಿಸುತ್ತೇನೆ.

ಒಂದೊಂದು ಪಕ್ಷದಲ್ಲಿ 15 ಮಂದಿ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಿಂದ ಹಿಡಿಯಲೂಬಹುದು. ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರೊಳಗೆ ನೆಲಕ್ಕೆ ಪುಟಿಸಬೇಕು, ಇಲ್ಲವೆ ಪಾದದ ತುದಿಯಿಂದ ಚಿಮ್ಮಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಎರಡು ಎತ್ತರದ ಕಂಬಗಳು, ನಡುವೆ ಒಂದು ಅಡ್ಡಪಟ್ಟಿ. ಚೆಂಡು ಪಟ್ಟಿಯ ಕೆಳಗಿನ ಬಲೆಗೆ ಬಿದ್ದರೆ ಗೋಲು. ಅದು ಮೂರು ಪಾಯಿಂಟಿಗೆ ಸಮ. ಪಟ್ಟಿಯ ಮೇಲೆ ಕಂಬಗಳ ನಡುವಿನಿಂದ ದಾಟಿದರೆ ಒಂದು ಪಾಯಿಂಟು. (ಬಹುದೂರದಿಂದ ಹೊಡೆದು ದಾಟಿಸಿದರೆ ಎರಡು ಎಂಬ ನಿಯಮ 2025ರಲ್ಲಿ ಬಂದಿತು.) ಗೋಲು ಒಂದು ಕಡೆ, ಪಾಯಿಂಟು ಒಂದು ಕಡೆ ಬರೆಯುವುದು ರೂಢಿ. 3-7 ಎಂದರೆ ಮೂರು ಗೋಲಿನ ಒಂಬತ್ತು, ಮೇಲೆ ಏಳು, ಒಟ್ಟು ಹದಿನಾರು. ಹಿಂದೆ ರೂಪಾಯಿ ಆಣೆಗಳನ್ನು ಬೇರೆ ಬೇರೆ ಅಂಕಣದಲ್ಲಿ ಬರೆಯುತ್ತಿದ್ದಂತೆಯೇ ಇದು. ಲೆಕ್ಕದ ಪುಸ್ತಕ ಬರೆಯುವ ನಮ್ಮಂಥವರಿಗೆ ಕಷ್ಟವಲ್ಲ.

ಈ ಆಟಗಳ ಸಂಸ್ಥೆ 1884ರಲ್ಲಿ ಥರ್ಲ್ಸ್ ಎಂಬ ಊರಿನಲ್ಲಿ ಹುಟ್ಟಿತು. ಅದರ ಬುನಾದಿಯೆಂದರೆ ಊರು. ಹುಡುಗ ಮೊದಲು ತನ್ನ ಊರಿನ ಕ್ಲಬ್ಬಿಗೆ ಆಡುತ್ತಾನೆ. ಅಲ್ಲಿ ಮಿಂಚಿದವನನ್ನು ಕೌಂಟಿಗೆ, ಅಂದರೆ ಜಿಲ್ಲೆಯ ತಂಡಕ್ಕೆ ಆರಿಸುತ್ತಾರೆ. ನೌಕರಿಗಾಗಿ ಬೇರೆಡೆ ನೆಲಸಿದವನು ಅಲ್ಲಿನ ಕ್ಲಬ್ಬಿಗೆ ವರ್ಗ ಮಾಡಿಸಿಕೊಳ್ಳಬಹುದು. ಆದರೂ ವಾರವೆಲ್ಲ ರಾಜಧಾನಿ ಡಬ್ಲಿನ್ನಿನಲ್ಲಿ ದುಡಿದು, ಆಟಕ್ಕೆ ಮಾತ್ರ ಹುಟ್ಟೂರಿಗೆ ಓಡುವವರು ಅನೇಕರು.

ಓಕಾನೆಲ್ ಹುಟ್ಟಿದ್ದು 1937ರಲ್ಲಿ. ಬೆಳೆದದ್ದು ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಕೌಂಟಿಗೆ ಸೇರಿದ ವ್ಯಾಲೆನ್ಶಿಯಾ ಎಂಬ ಪುಟ್ಟ ದ್ವೀಪದಲ್ಲಿ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿಗಳಲ್ಲಿ ಬಾಳಿಕೆ ಬಂದ ಮೊದಲನೆಯದು 1866ರಲ್ಲಿ ಈ ದ್ವೀಪದಿಂದಲೇ ನ್ಯೂಫೌಂಡ್ಲೆಂಡಿಗೆ ಹೋಯಿತು. ಆ ತಂತಿ ಕಚೇರಿಯಲ್ಲಿ ಓಕಾನೆಲ್ ನೌಕರ. ಹೊಟ್ಟೆಪಾಡು ತಂತಿಯಿಂದ, ಆಟ ಬಿಡುವಿನ ವೇಳೆಯಲ್ಲಿ. ದ್ವೀಪಕ್ಕೆ ಆಗ ಸೇತುವೆ ಇರಲಿಲ್ಲ. ಪಂದ್ಯವಿರಲಿ, ಅಭ್ಯಾಸವಿರಲಿ, ದೋಣಿಯಲ್ಲಿ ದಡ ಸೇರಿ ಮುಂದಿನ ದಾರಿ ಹಿಡಿಯಬೇಕು. ಆದುದರಿಂದ ಬಹಳ ಮಟ್ಟಿಗೆ ಒಬ್ಬನೇ ಅಭ್ಯಾಸ ಮಾಡಿದ. ನೆಗೆದು ಎತ್ತರದ ಚೆಂಡನ್ನು ಹಿಡಿಯುವುದರಲ್ಲಿಯೂ, ಎಡಗಾಲು ಬಲಗಾಲು ಎಂಬ ಭೇದವಿಲ್ಲದೆ ಗುರಿಯಿಟ್ಟು ಒದೆಯುವುದರಲ್ಲಿಯೂ ಆತನಿಗೆ ಸಮನಾದವರು ವಿರಳ.

ಆತನ ಕ್ಲಬ್ಬಿನ ಹೆಸರು ಯಂಗ್ ಐಲೆಂಡರ್ಸ್, ಎಂದರೆ ದ್ವೀಪದ ತರುಣರು. ಇಂಥ ಸಣ್ಣ ಕ್ಲಬ್ಬುಗಳು ಒಂದೇ ದೊಡ್ಡ ಪಟ್ಟಣದ ತಂಡವನ್ನು ಎದುರಿಸಲಾರವು. ಅದಕ್ಕೆ ಕೆರಿಯವರು ಒಂದು ಉಪಾಯ ಮಾಡಿದ್ದಾರೆ. ಅಕ್ಕಪಕ್ಕದ ಸಣ್ಣ ಕ್ಲಬ್ಬುಗಳೆಲ್ಲ ಕೂಡಿ ಒಂದು ವಿಭಾಗದ ತಂಡವಾಗಿ ಕೌಂಟಿಯ ಪಂದ್ಯಾವಳಿಗೆ ಇಳಿಯಬಹುದು. ಹೀಗೆ ಕೂಡಿದ ದಕ್ಷಿಣ ಕೆರಿ ತಂಡ 1955, 1956, 1958ರಲ್ಲಿ ಗೆದ್ದಿತು; ಓಕಾನೆಲ್ ಆ ತಂಡದಲ್ಲಿದ್ದ. 1956ರಲ್ಲಿ ಕೌಂಟಿಯ ಹಿರಿಯರ ತಂಡವೂ ಆತನನ್ನು ಕರೆಯಿತು.

1959ರ ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಅಖಿಲ ಐರ್ಲೆಂಡ್ ಅಂತಿಮ ಪಂದ್ಯ ನಡೆಯಿತು. ಓಕಾನೆಲ್ ನಾಯಕ. ಮೊಣಕಾಲಿಗೆ ಪೆಟ್ಟಾಗಿ ನಡುವೆಯೇ ಹೊರಬರಬೇಕಾಯಿತು. ಕೆರಿ 3-7, ಗಾಲ್ವೇ 1-4; ಕಪ್ಪು ಕೆರಿಯವರದಾಯಿತು. ವಿಜಯೋತ್ಸವಕ್ಕೆ ನಿಲ್ಲದೆ ಆತ ಅಂದೇ ರೈಲು ಹತ್ತಿದ, ರಾತ್ರಿ ತಾನೇ ಹುಟ್ಟು ಹಾಕುತ್ತ ದ್ವೀಪ ಸೇರಿದ, ಕಪ್ಪನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿಯೇ ಬಿಟ್ಟಿದ್ದ ಎಂದು ಜನ ಇಂದಿಗೂ ಹೇಳುತ್ತಾರೆ. ಜನರ ಬಾಯಲ್ಲಿ ಕಥೆ ಬೆಳೆದಿರಲೂಬಹುದು. ಆದರೆ ಆತನ ಸ್ವಭಾವಕ್ಕೆ ಅದು ಒಪ್ಪುತ್ತದೆ.

ಬರಿಯ ಗೆಲುವಿನ ಬಾಳು ಅದಲ್ಲ. ಆತನ ಕಾಲದಲ್ಲಿ ಕೆರಿ 1959, 1962, 1969, 1970ರಲ್ಲಿ ನಾಲ್ಕು ಸಲ ಕಪ್ಪು ಗೆದ್ದರೆ, 1960, 1964, 1965, 1968, 1972ರಲ್ಲಿ ಐದು ಸಲ ಅಂತಿಮ ಪಂದ್ಯದಲ್ಲಿ ಸೋತಿತು. ಮಧ್ಯೆ ಕೆಲಕಾಲ ಹಿಂದೆ ಸರಿದಿದ್ದವನು 1968ರಲ್ಲಿ ಮರಳಿ ಬಂದ. 1970ರ ಅಂತಿಮ ಪಂದ್ಯ ಮೊದಲಿನ ಅರವತ್ತು ನಿಮಿಷಕ್ಕೆ ಬದಲು ಎಂಬತ್ತು ನಿಮಿಷದ್ದು. ಮೂವತ್ಮೂರರ ವಯಸ್ಸಿನಲ್ಲಿ ಅದನ್ನೂ ಆಡಿ ಗೆದ್ದ. 1999ರಲ್ಲಿ ಸಂಸ್ಥೆಯವರು ಸರ್ವಕಾಲದ ಹದಿನೈದು ಮಂದಿಯನ್ನು ಆರಿಸಿದಾಗ ನಡುಮೈದಾನದ ಇಬ್ಬರಲ್ಲಿ ಓಕಾನೆಲ್ ಒಬ್ಬ.

ಇಷ್ಟರ ನಡುವೆ 1966ರಲ್ಲಿ ತಂತಿ ಕಚೇರಿ ಮುಚ್ಚಿತು. ನೂರು ವರ್ಷ ದ್ವೀಪಕ್ಕೆ ಅನ್ನ ಕೊಟ್ಟ ಕೆಲಸ ಹೋಯಿತು. ಕೆಲಸ ಹೋದರೆ ಮನೆಯಲ್ಲಿ ಏನಾಗುತ್ತದೆಂದು ಗಿರಣಿಯವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಓಕಾನೆಲ್ ದ್ವೀಪವನ್ನು ಬಿಡಲಿಲ್ಲ. ದಡಕ್ಕೆ ಸೇತುವೆಯಾದದ್ದು 1970ರಲ್ಲಿ; ಆತನ ಆಟದ ಬಾಳು ಅಷ್ಟರಲ್ಲಿ ಕೊನೆಗೆ ಬಂದಿತ್ತು.

ಎಲ್ಲರಿಗೂ ಹಾಗೆ ಊರಿನಲ್ಲಿ ಉಳಿಯುವುದು ಸಾಧ್ಯವೆ? ಐರಿಷ್ ಜನರೇ ಲಕ್ಷಗಟ್ಟಲೆ ಹೊರದೇಶಗಳಿಗೆ ಹೋದವರು. ಹಾಗೆ ಹೋದವರು ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಕ್ಲಬ್ಬುಗಳನ್ನು ಕಟ್ಟಿಕೊಂಡರು. ಇಂದು ಆ ಎರಡು ನಗರಗಳ ತಂಡಗಳು ಐರ್ಲೆಂಡಿನ ಕೌಂಟಿಗಳ ಸಾಲಿನಲ್ಲಿಯೇ ನಿಂತು ಪಂದ್ಯಾವಳಿಗೆ ಇಳಿಯುತ್ತವೆ. ಹೆಚ್ಚಾಗಿ ಸೋಲುತ್ತವೆ, ಆದರೂ ಬಿಡದೆ ಆಡುತ್ತವೆ. ಪರಊರಿನಲ್ಲಿ ದುಡಿದು ದಣಿದು, ಸಂಜೆ ಈ ಕೋಣೆಗೆ ಬಂದು ಕನ್ನಡ ಪತ್ರಿಕೆ ಬಿಡಿಸುವ ನಮಗೆ ಅವರ ಮನಸ್ಸು ಅರ್ಥವಾಗದೆ ಇರದು.