ಕಡಲಾಮೆಯ ಮೊಟ್ಟೆ: ರೂಪುಗೊಳ್ಳುವ ಬಗೆ ಮತ್ತು ಹೊರಳಿಸಬಾರದ ಕಾರಣ

ಕಾವಿಗೆ ಇಟ್ಟ ಕೋಳಿ ಮೊಟ್ಟೆಯನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕೆಂಬುದು ಕೋಳಿ ಸಾಕಣೆದಾರರಿಗೆಲ್ಲ ತಿಳಿದ ವಿಷಯ. ಕಡಲಾಮೆಯ ಮೊಟ್ಟೆಗೆ ಈ ನಿಯಮ ಅನ್ವಯಿಸುವುದಿಲ್ಲ. ಹೊರಳಿಸಿದರೆ ಒಳಗಿನ ಭ್ರೂಣವು ಸಾಯಬಹುದು. ಕಾರವಾರ, ಹೊನ್ನಾವರ, ಕುಂದಾಪುರ ಭಾಗದ ಕಡಲತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವುದರಿಂದ ಕರಾವಳಿಯ ರೈತರು ಹಾಗೂ ಮೀನುಗಾರರು ಇದರ ಕಾರಣವನ್ನು ಅರಿತಿರುವುದು ಅಗತ್ಯ.

ಸಂತಾನೋತ್ಪತ್ತಿ ಅಂಗಗಳು

ಕೋಳಿಯಲ್ಲಿ ಸಾಮಾನ್ಯವಾಗಿ ಎಡಭಾಗದ ಅಂಡಾಶಯ ಮತ್ತು ಅಂಡನಾಳ ಮಾತ್ರ ಕೆಲಸ ಮಾಡುತ್ತವೆ. ಹೆಣ್ಣು ಕಡಲಾಮೆಯಲ್ಲಿ ಎರಡೂ ಬದಿಯ ಅಂಗಗಳು ಕ್ರಿಯಾಶೀಲವಾಗಿರುತ್ತವೆ. ಸುರುಳಿಯಾಗಿ ಮಡಚಿಕೊಂಡಿರುವ ಉದ್ದನೆಯ ಅಂಡನಾಳಗಳು ಬಾಲದ ಬುಡದಲ್ಲಿರುವ ಕ್ಲೋಯಕಾ ಎಂಬ ದ್ವಾರವನ್ನು ಸೇರುತ್ತವೆ. ಮಲ, ಮೂತ್ರ, ಮೊಟ್ಟೆ ಎಲ್ಲವೂ ಹೊರಬರುವುದು ಇದೊಂದೇ ದ್ವಾರದಿಂದ.

ಮೊಟ್ಟೆಯ ರಚನೆ

ಹಳದಿ ಲೋಳೆಗೆ ಬೇಕಾದ ಪೋಷಕಾಂಶವು ಯಕೃತ್ತಿನಲ್ಲಿ ತಯಾರಾಗಿ ರಕ್ತದ ಮೂಲಕ ಅಂಡಾಶಯವನ್ನು ತಲುಪುತ್ತದೆ. ಈ ಸಂಗ್ರಹಕ್ಕೆ ಹಲವು ತಿಂಗಳುಗಳೇ ಬೇಕು. ಬಲಿತ ಅಂಡವು ಅಂಡನಾಳದ ಮೇಲ್ಭಾಗದಲ್ಲಿ ಫಲಿತಗೊಳ್ಳುತ್ತದೆ. ಹೆಣ್ಣಾಮೆಯು ವೀರ್ಯಾಣುಗಳನ್ನು ಅಂಡನಾಳದಲ್ಲಿಯೇ ಶೇಖರಿಸಿಟ್ಟುಕೊಂಡು, ಅದೇ ಋತುವಿನ ಮುಂದಿನ ಕಂತಿನ ಮೊಟ್ಟೆಗಳಿಗೂ ಬಳಸಬಲ್ಲದು. ಫಲಿತ ಅಂಡವು ಕೆಳಗೆ ಸಾಗಿದಂತೆ ಮೊದಲು ಬಿಳಿ ಲೋಳೆ, ಬಳಿಕ ಪೊರೆ, ಕೊನೆಗೆ ಸುಣ್ಣಾಂಶದ ಚಿಪ್ಪು ಕೂಡಿಕೊಳ್ಳುತ್ತವೆ. ಈ ಚಿಪ್ಪು ಕೋಳಿ ಮೊಟ್ಟೆಯದರಂತೆ ಗಡುಸಾಗಿರದೆ ಮೃದುವಾಗಿದ್ದು ಬಾಗುತ್ತದೆ. ಆದ್ದರಿಂದಲೇ ಗುಂಡಿಗೆ ಬೀಳುವಾಗ ಮೊಟ್ಟೆಗಳು ಒಡೆಯುವುದಿಲ್ಲ. ಆಲಿವ್ ರಿಡ್ಲೆ ಆಮೆಯು ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆಗಳನ್ನಿಡುತ್ತದೆ.

ಹೊರಳಿಸಬಾರದು ಏಕೆ?

ಅಂಡನಾಳದಲ್ಲಿ ಆಮ್ಲಜನಕ ತೀರ ಕಡಿಮೆ ಇರುವುದರಿಂದ ಭ್ರೂಣದ ಬೆಳವಣಿಗೆಯು ಆರಂಭದ ಹಂತದಲ್ಲಿಯೇ ತಡೆದು ನಿಂತಿರುತ್ತದೆ. ಮೊಟ್ಟೆ ಹೊರಬಂದು ಗಾಳಿ ದೊರೆತ ಕೆಲವೇ ಗಂಟೆಗಳಲ್ಲಿ ಅದು ಮುಂದುವರಿಯುತ್ತದೆ. ಆಗ ಭ್ರೂಣವು ಹಳದಿ ಲೋಳೆಯ ಮೇಲಕ್ಕೆ ಬಂದು, ಪೊರೆಯು ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಕೋಳಿ ಮೊಟ್ಟೆಯಲ್ಲಿ ಹಳದಿ ಲೋಳೆಯನ್ನು ಎರಡು ಬದಿಯಿಂದ ಹಿಡಿದಿಡುವ ಹುರಿಯಂತಹ ಎಳೆಗಳು ಆಮೆಯ ಮೊಟ್ಟೆಯಲ್ಲಿಲ್ಲ. ಈ ಹಂತದಲ್ಲಿ ಮೊಟ್ಟೆಯನ್ನು ತಿರುಗಿಸಿದರೆ ಎಳೆಯ ಪೊರೆಗಳು ಹರಿದು ಭ್ರೂಣವು ನಾಶವಾಗುತ್ತದೆ.

ಗೂಡು ಕಂಡಾಗ ಅನುಸರಿಸಬೇಕಾದ ಕ್ರಮಗಳು

• ಸದುದ್ದೇಶದಿಂದಲೂ ಗೂಡನ್ನು ಅಗೆಯಬೇಡಿ, ಮೊಟ್ಟೆಗಳನ್ನು ಮುಟ್ಟಬೇಡಿ.
• ಸ್ಥಳವನ್ನು ಗುರುತಿಸಿ, ವಿಳಂಬ ಮಾಡದೆ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ. ಅಲೆಗಳಿಂದ ಅಪಾಯವಿದ್ದು ಸ್ಥಳಾಂತರ ಅನಿವಾರ್ಯವಾದರೆ, ಮೊಟ್ಟೆಯಿಟ್ಟ ಮೊದಲ ಕೆಲವು ಗಂಟೆಗಳೊಳಗೆ ತರಬೇತಿ ಪಡೆದವರೇ ಅದನ್ನು ಮಾಡಬೇಕು.
• ನಾಯಿಗಳನ್ನು ದೂರವಿಡಿ. ಗೂಡಿನ ಮೇಲೆ ವಾಹನ ಓಡಿಸಬೇಡಿ.
• ಗೂಡಿನ ಮೇಲೆ ಕಸ ಅಥವಾ ಬಲೆಗಳನ್ನು ರಾಶಿ ಹಾಕಬೇಡಿ. ಮರಳಿನ ಉಷ್ಣಾಂಶವು ಮರಿಗಳ ಲಿಂಗವನ್ನು ನಿರ್ಧರಿಸುತ್ತದೆ; ಬಿಸಿ ಹೆಚ್ಚಾದಷ್ಟೂ ಹೆಣ್ಣು ಮರಿಗಳು ಹೆಚ್ಚು.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಈ ಆಮೆಗೆ ಹಾಗೂ ಅದರ ಮೊಟ್ಟೆಗಳಿಗೆ ರಕ್ಷಣೆಯಿದ್ದು, ಸಂಗ್ರಹಿಸುವುದು ಶಿಕ್ಷಾರ್ಹ ಅಪರಾಧ. ತೊಂದರೆಗೊಳಗಾಗದ ಗೂಡಿನಿಂದ ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ತಾವಾಗಿಯೇ ಹೊರಬಂದು ಕಡಲನ್ನು ಸೇರುತ್ತವೆ.