ಕಾರ್ಖಾನೆ ಕಟ್ಟಡಕ್ಕೆ ವಿನ್ಯಾಸ-ನಿರ್ಮಾಣ ಗುತ್ತಿಗೆ: ಸಾಧಕ ಬಾಧಕಗಳು

ಸಣ್ಣ ಉದ್ದಿಮೆದಾರನು ಕಾರ್ಖಾನೆ ಕಟ್ಟಡವನ್ನು ಕಟ್ಟಿಸುವುದು ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ. ಕಟ್ಟಡ ತಡವಾದಷ್ಟೂ ಉತ್ಪಾದನೆ ಆರಂಭವಾಗುವ ಮೊದಲೇ ಬ್ಯಾಂಕ್ ಸಾಲದ ಬಡ್ಡಿ ಏರುತ್ತದೆ. ಆದ್ದರಿಂದ ಕಾಮಗಾರಿಯನ್ನು ಯಾವ ಪದ್ಧತಿಯಲ್ಲಿ ವಹಿಸಬೇಕೆಂಬುದನ್ನು ಮೊದಲೇ ಪರಿಶೀಲಿಸುವುದು ಅಗತ್ಯ.

ಎರಡು ಪದ್ಧತಿಗಳು

ಸಾಂಪ್ರದಾಯಿಕ ಪದ್ಧತಿಯಲ್ಲಿ ಮಾಲೀಕನು ವಾಸ್ತುಶಿಲ್ಪಿ ಹಾಗೂ ಎಂಜಿನಿಯರರಿಂದ ನಕ್ಷೆ ಮತ್ತು ಪರಿಮಾಣ ಪಟ್ಟಿಯನ್ನು ಪಡೆದು, ಬಳಿಕ ಟೆಂಡರ್ ಕರೆಯುತ್ತಾನೆ. ಎಲ್ಲ ಗುತ್ತಿಗೆದಾರರೂ ಒಂದೇ ನಕ್ಷೆಗೆ ದರ ನಮೂದಿಸುವುದರಿಂದ ಹೋಲಿಕೆ ಸುಲಭ. ಆದರೆ ಛಾವಣಿ ಸೋರಿದಾಗ ಗುತ್ತಿಗೆದಾರನು ನಕ್ಷೆಯನ್ನು ದೂರುತ್ತಾನೆ, ವಾಸ್ತುಶಿಲ್ಪಿಯು ಕೆಲಸವನ್ನು ದೂರುತ್ತಾನೆ.

ವಿನ್ಯಾಸ-ನಿರ್ಮಾಣ ಪದ್ಧತಿಯಲ್ಲಿ ಎರಡೂ ಹೊಣೆ ಒಬ್ಬನೇ ಗುತ್ತಿಗೆದಾರನದು. ಸಾಮಾನ್ಯವಾಗಿ ಬೆಲೆ ಇಡಿಗಂಟಾಗಿ ನಿಗದಿಯಾಗುತ್ತದೆ. ಮೇಲ್ಭಾಗದ ವಿನ್ಯಾಸ ಮುಗಿಯುವ ಮೊದಲೇ ಅಡಿಪಾಯ ಆರಂಭಿಸಬಹುದಾದ್ದರಿಂದ ಕಾಲವೂ ಉಳಿಯುತ್ತದೆ. ಉಕ್ಕಿನ ಸಿದ್ಧ ಚೌಕಟ್ಟಿನ ಶೆಡ್ಡುಗಳಿಗೆ ಇದು ಹೆಚ್ಚು ಹೊಂದುತ್ತದೆ.

ಬೇಡಿಕೆ ಪತ್ರವೇ ಆಧಾರ

ಅಂತರರಾಷ್ಟ್ರೀಯ ಸಲಹಾ ಎಂಜಿನಿಯರುಗಳ ಒಕ್ಕೂಟವಾದ ಫಿಡಿಕ್ 1999ರಲ್ಲಿ ಪ್ರಕಟಿಸಿದ ಮಾದರಿ ಕರಾರುಗಳಲ್ಲಿ 'ಕೆಂಪು ಪುಸ್ತಕ'ವು ಮಾಲೀಕನ ವಿನ್ಯಾಸಕ್ಕೂ, 'ಹಳದಿ ಪುಸ್ತಕ'ವು ಗುತ್ತಿಗೆದಾರನ ವಿನ್ಯಾಸಕ್ಕೂ ಸಂಬಂಧಿಸಿವೆ. ಹಳದಿ ಪುಸ್ತಕದ ಪ್ರಕಾರ ಕಟ್ಟಡವು ಕರಾರಿನಲ್ಲಿ ಹೇಳಿದ ಉದ್ದೇಶಕ್ಕೆ ತಕ್ಕುದಾಗಿರಬೇಕು. 'ಕರಾರಿನಲ್ಲಿ ಹೇಳಿದ' ಎಂಬುದೇ ಇಲ್ಲಿ ಮುಖ್ಯ. ಹೇಳದೆ ಬಿಟ್ಟದ್ದಕ್ಕೆ ಗುತ್ತಿಗೆದಾರನನ್ನು ಹೊಣೆ ಮಾಡುವುದು ಕಷ್ಟ.

ಉದಾಹರಣೆಗೆ, 5 ಟನ್ ಕ್ರೇನಿಗೆಂದು ಒಪ್ಪಂದ ಮಾಡಿಕೊಂಡು, ನಡುವೆ 10 ಟನ್ ಬೇಕೆಂದರೆ ಕಂಬ, ತೊಲೆ, ಅಡಿಪಾಯ ಎಲ್ಲವನ್ನೂ ಮರುಪರಿಶೀಲಿಸಬೇಕಾಗುತ್ತದೆ. ಆಗ ಸ್ಪರ್ಧೆಯಿಲ್ಲದ ಕಾರಣ ಗುತ್ತಿಗೆದಾರನು ಹೇಳಿದ್ದೇ ಬೆಲೆ. ಇಡಿಗಂಟಿನ ಬೆಲೆಯಲ್ಲಿ ಲಾಭ ಉಳಿಸಲು ನೆಲದ ದಪ್ಪ, ತಗಡಿನ ಗೇಜು, ಬಣ್ಣದ ಲೇಪಗಳಲ್ಲಿ ಕಡಿತ ಮಾಡುವ ಪ್ರಲೋಭನೆಯೂ ಇರುತ್ತದೆ. ಟೆಂಡರುದಾರರ ವಿನ್ಯಾಸಗಳು ಬೇರೆಬೇರೆಯಾಗಿರುವುದರಿಂದ ಕಡಿಮೆ ಬೆಲೆಯ ಟೆಂಡರೇ ಅಗ್ಗವೆನ್ನಲಾಗದು.

ಗಮನಿಸಬೇಕಾದ ಅಂಶಗಳು

ಮಣ್ಣು ಪರೀಕ್ಷೆಯನ್ನು ಟೆಂಡರಿಗೆ ಮೊದಲೇ ಮಾಡಿಸಬೇಕು. ನೆಲ ಹೊರಬೇಕಾದ ಭಾರ, ಕ್ರೇನಿನ ಎತ್ತರ, ವಿದ್ಯುತ್ ಹೊರೆ, ಮುಂದಿನ ವಿಸ್ತರಣೆ ಇವನ್ನು ಅಂಕಿಗಳಲ್ಲಿ ಬರೆಯಬೇಕು. ಉಕ್ಕಿಗೆ ಐಎಸ್ 800, ಗಾಳಿಯ ಒತ್ತಡಕ್ಕೆ ಐಎಸ್ 875ರ 3ನೇ ಭಾಗ, ಭೂಕಂಪಕ್ಕೆ ಐಎಸ್ 1893 ಪಾಲನೆಯಾಗಬೇಕೆಂದು ನಮೂದಿಸಬೇಕು. ಗುತ್ತಿಗೆದಾರನಿಗೆ ಸಂಬಂಧಪಡದ ಎಂಜಿನಿಯರರೊಬ್ಬರಿಂದ ವಿನ್ಯಾಸವನ್ನು ಪರಿಶೀಲಿಸಿ, ಹಂತ ಹಂತವಾಗಿ ಹಣ ಪಾವತಿಸಬೇಕು.

ವಿಳಂಬಕ್ಕೆ ನಿಗದಿಪಡಿಸಿದ ಪರಿಹಾರ ಪೂರ್ತಿ ದೊರೆಯುವುದೆಂಬ ಭರವಸೆ ಬೇಡ. 1872ರ ಭಾರತೀಯ ಕರಾರು ಅಧಿನಿಯಮದ 74ನೇ ಕಲಮಿನ ಪ್ರಕಾರ ನಮೂದಿಸಿದ ಮೊತ್ತವು ಗರಿಷ್ಠ ಮಿತಿ; ಅದರೊಳಗೆ ನ್ಯಾಯಯುತ ಪರಿಹಾರವಷ್ಟೇ ಸಲ್ಲುತ್ತದೆ.

ತೆರಿಗೆಯ ಅಂಶವೂ ಇದೆ. 2017ರ ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೇ ಕಲಮಿನಡಿ ಸ್ವಂತ ಕಾರ್ಖಾನೆ ಕಟ್ಟಡದ ಕಾಮಗಾರಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಆದರೆ ಯಂತ್ರಗಳ ಅಡಿಪಾಯ ಮತ್ತು ಆಧಾರ ರಚನೆಗಳು 'ಸ್ಥಾವರ ಮತ್ತು ಯಂತ್ರ'ಗಳ ವ್ಯಾಖ್ಯೆಯಲ್ಲಿ ಸೇರಿವೆ. ಇಡಿಗಂಟಿನ ಬೆಲೆಯಲ್ಲಿ ಇವು ಬೆರೆತುಹೋಗದಂತೆ ಪ್ರತ್ಯೇಕವಾಗಿ ನಮೂದಿಸಿ, ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಲೇಸು.

ಒಟ್ಟಿನಲ್ಲಿ, ಅಗತ್ಯಗಳನ್ನು ಮೊದಲೇ ಸ್ಪಷ್ಟವಾಗಿ ಬರೆದುಕೊಡಬಲ್ಲವರಿಗೆ ಈ ಪದ್ಧತಿ ಅನುಕೂಲಕರ. ಯಂತ್ರಗಳ ಆಯ್ಕೆಯೇ ಇನ್ನೂ ನಿಶ್ಚಯವಾಗದಿದ್ದಲ್ಲಿ ಹಳೆಯ ಪದ್ಧತಿಯೇ ಸುರಕ್ಷಿತ.