ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಮತ್ತು ಅವರ ಕುಟುಂಬ

1784ರಲ್ಲಿ ಟಿಪ್ಪು ಸುಲ್ತಾನನ ಸೆರೆಗೆ ಹೋದ ಕರಾವಳಿಯ ಕಥೋಲಿಕರಲ್ಲಿ ಬದುಕುಳಿದವರು 1799ರಲ್ಲಿ ಊರಿಗೆ ಮರಳಿದಾಗ ಅವರ ಗದ್ದೆ, ತೋಟಗಳು ಬೇರೆಯವರ ಕೈಯಲ್ಲಿದ್ದವು. ಆಗ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದವರು ಸ್ಕಾಟ್ಲೆಂಡಿನ ಥಾಮಸ್ ಮನ್ರೋ. ಭೂಮಿಯನ್ನು ಮೂಲ ಒಡೆಯರಿಗೆ ಬಿಡಿಸಿಕೊಡಲು ಅವರು ಆದೇಶಗಳನ್ನು ಹೊರಡಿಸಿದರು. ಧರ್ಮಸಭೆಯ ನೆರವೂ ಸೇರಿ ಹಲವು ಮನೆತನಗಳು ಮತ್ತೆ ನೆಲೆಯೂರಿದವು. ಮನ್ರೋ ಪ್ರೊಟೆಸ್ಟೆಂಟರು, ಕಂದಾಯ ವಸೂಲಿಯೇ ಅವರ ಮುಖ್ಯ ಕೆಲಸ. ಬೇಸಾಯಗಾರ ಇಲ್ಲದ ನೆಲದಿಂದ ಕಂದಾಯ ಬಾರದು ಎಂಬುದನ್ನೂ ನಾವು ಮರೆಯಬಾರದು. ಇಲ್ಲಿನ ಮಳೆ ಅವರಿಗೆ ಒಗ್ಗಲಿಲ್ಲ. ವರ್ಗಾವಣೆ ಕೇಳಿಕೊಂಡು 1800ರಲ್ಲೇ ಬಳ್ಳಾರಿ ಕಡೆಗೆ ಹೋದರು.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಗ್ಲಾಸ್ಗೋದಲ್ಲಿ. ತಂದೆ ಅಲೆಗ್ಸಾಂಡರ್ ಅಮೆರಿಕದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡೆಸುತ್ತಿದ್ದರು. ಅಲ್ಲಿ ಸ್ವಾತಂತ್ರ್ಯಯುದ್ಧ ಆರಂಭವಾದಾಗ ವ್ಯಾಪಾರ ಮುಳುಗಿತು. ಮಗ ಸೈನ್ಯಕ್ಕೆ ಸೇರಿ 1780ರಲ್ಲಿ ಮದ್ರಾಸಿಗೆ ಬಂದರು. ಸಂಬಳದಲ್ಲಿ ಉಳಿಸಿ ತಂದೆತಾಯಿಗೆ ಹಣ ಕಳುಹಿಸುತ್ತಿದ್ದರು. ತಂಗಿ ಅರ್ಸ್ಕಿನ್‌ಗೆ ಬರೆದ ಪತ್ರಗಳಿಂದ ಅವರ ಮನಸ್ಸು ನಮಗೆ ತಿಳಿಯುತ್ತದೆ.

ವಿಜಯಪುರದ ಕಡೆ ಸೇವೆಗೆ ಹೋಗುವ ನಮ್ಮವರಿಗೂ ಈ ಹೆಸರು ಪರಿಚಯವಿರಬೇಕು. 1818ರ ಮರಾಠಾ ಯುದ್ಧದಲ್ಲಿ ಮನ್ರೋ ಅಲ್ಪ ಸೈನ್ಯ ಹಾಗೂ ಸ್ಥಳೀಯ ಜವಾನರೊಡನೆ ಬಾದಾಮಿ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರಗಳನ್ನು ಗೆದ್ದರು. ಬಾದಾಮಿ, ಬಾಗಲಕೋಟೆ 1997ರವರೆಗೆ ವಿಜಯಪುರ ಜಿಲ್ಲೆಯಲ್ಲೇ ಇದ್ದವು. ಪೇಶ್ವೆಯ ಪತನದ ಬಳಿಕ ವಿಜಯಪುರ ಮಾತ್ರ ಸಾತಾರೆಯ ರಾಜನಿಗೆ ಸೇರಿ, 1848ರಲ್ಲಿ ಕಂಪನಿಯ ವಶವಾಯಿತು. ಇಂದು ತಾಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರ ಈ ಸೀಮೆಯ ಊರುಗಳು.

ಮನ್ರೋ ಮದುವೆಯಾದದ್ದು ತಡವಾಗಿ, 1814ರಲ್ಲಿ. ಪತ್ನಿ ಜೇನ್ ಕ್ಯಾಂಪ್‌ಬೆಲ್ ಐರ್‌ಶೈರಿನ ಕ್ರೇಗಿ ಮನೆತನದವರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆದರು. 1825ರಲ್ಲಿ ವಂಶಪಾರಂಪರ್ಯದ ಬ್ಯಾರೊನೆಟ್ ಪದವಿ ದೊರೆಯಿತು. (ಇದು ಲಾರ್ಡ್ ಪದವಿಗಿಂತ ಕೆಳಗಿನದು.) ಹಿರಿಯ ಮಗ ಥಾಮಸ್ ಬ್ರಿಟನ್ನಿನಲ್ಲಿದ್ದ. ಕಿರಿಯ ಮಗ ಕ್ಯಾಂಪ್‌ಬೆಲ್‌ನ ಆರೋಗ್ಯ ಕೆಟ್ಟು, 1826ರಲ್ಲಿ ಜೇನ್ ಅವನೊಡನೆ ಸ್ವದೇಶಕ್ಕೆ ಹೊರಟರು. ಅವರು ಮತ್ತೆ ಭೇಟಿಯಾಗಲಿಲ್ಲ. ಹಳೆಯ ಜಿಲ್ಲೆಗಳ ಜನರನ್ನು ಬೀಳ್ಕೊಡಲು ಹೋಗಿದ್ದ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಹೂಳಿದ್ದ ಅವರ ಪಾರ್ಥಿವ ಶರೀರವನ್ನು 1831ರಲ್ಲಿ ಮದ್ರಾಸಿನ ಸಂತ ಮರಿಯಳ ದೇವಾಲಯಕ್ಕೆ ತರಲಾಯಿತು. ಪದವಿ ಮೊದಲು ಹಿರಿಯ ಮಗನಿಗೆ, 1901ರಲ್ಲಿ ಅವನ ಮರಣಾನಂತರ ಕ್ಯಾಂಪ್‌ಬೆಲ್‌ಗೆ ಸಂದಿತು.